ಹಲವು ಪಟಗಳನ್ನು ಒಟ್ಟಿಗೆ ತಿದ್ದುವ ಬಗೆ

ಸಂಘದ ಸಮಾರಂಭ ಮುಗಿದ ಮಾರನೆಯ ದಿನದಿಂದಲೇ ವಾಚನಾಲಯದಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಪಟಗಳು ಯಾವಾಗ ಸಿಗುತ್ತವೆ? ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಪಟಗಳಾದರೆ ಅಲ್ಲಿಗೆ ಮುಗಿಯಿತು. ಈಗ ಒಂದು ಸಂಜೆಗೆ ಮುನ್ನೂರು ನಾನೂರು ಪಟಗಳು ಬಂದು ಬೀಳುತ್ತವೆ. ಒಂದೊಂದನ್ನೇ ತೆರೆದು, ಬೆಳಕು ಹೆಚ್ಚಿಸಿ, ಬಣ್ಣ ಸರಿಪಡಿಸಿ ಉಳಿಸಲು ಎರಡೇ ನಿಮಿಷ ಹಿಡಿದರೂ 300 ಪಟಗಳಿಗೆ ಹತ್ತು ಗಂಟೆ ಬೇಕು. ಪಾಳಿ ಮುಗಿಸಿ ಬಂದು ಕೂಡುವ ಸ್ವಯಂಸೇವಕರಿಗೆ ಅದು ಒಂದು ವಾರದ ನಿದ್ದೆಗೆ ಸಮ. ಆದುದರಿಂದ ಒಂದು ಪಟಕ್ಕೆ ಮಾಡಿದ ತಿದ್ದುಪಡಿಯನ್ನು ಉಳಿದವುಗಳಿಗೂ ಒಮ್ಮೆಗೇ ಹಚ್ಚುವ ಉಪಾಯವನ್ನು ತಿಳಿದುಕೊಳ್ಳುವುದು ಅವಶ್ಯ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ತಂತ್ರಾಂಶವು ಪಟವನ್ನೇ ತಿದ್ದುತ್ತದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. 2007ರಲ್ಲಿ ಹೊರಬಂದ ಲೈಟ್‌ರೂಮ್, 2009ರಲ್ಲಿ ಬಂದ ಡಾರ್ಕ್‌ಟೇಬಲ್ ಮೊದಲಾದವುಗಳಲ್ಲಿ ಹಾಗಿಲ್ಲ. ಅವು ಮೂಲ ಪಟವನ್ನು ಮುಟ್ಟುವುದೇ ಇಲ್ಲ. ಬೆಳಕು ಇಷ್ಟು ಹೆಚ್ಚಿರಲಿ, ಹಳದಿ ಇಷ್ಟು ತಗ್ಗಲಿ, ಎಡಗಡೆಯಲ್ಲಿ ಇಷ್ಟು ಕತ್ತರಿಸಿ ಎಂಬುದಾಗಿ ಒಂದು ಚೀಟಿಯನ್ನು ಬರೆದು ಪಕ್ಕದಲ್ಲಿಡುತ್ತವೆ, ಅಷ್ಟೆ. ಆ ಚೀಟಿಯಂತೆ ನಡೆದರೆ ಪಟ ಹೇಗಿದ್ದೀತು ಎಂಬುದನ್ನು ಮಾತ್ರ ತೆರೆಯ ಮೇಲೆ ನಮಗೆ ತೋರಿಸುತ್ತವೆ. ನಾವು ಕೊನೆಗೆ 'ಎಕ್ಸ್‌ಪೋರ್ಟ್' ಎಂದಾಗ ಹೊಸ ಪ್ರತಿಯೊಂದು ತಯಾರಾಗುತ್ತದೆ. ಮೂಲ ಇದ್ದಂತೆಯೇ ಇರುತ್ತದೆ. ಇದು ತಿಳಿದ ಮೇಲೆ ಮುಂದಿನದು ಸುಲಭ. ಹಲವು ಪಟಗಳನ್ನು ಒಟ್ಟಿಗೆ ತಿದ್ದುವುದೆಂದರೆ ಒಂದು ಪಟದ ಚೀಟಿಯನ್ನು ನಕಲು ಮಾಡಿ ಇತರ ಪಟಗಳ ಪಕ್ಕದಲ್ಲಿಡುವುದು. ಇನ್ನೂರು ಪಟಗಳಿದ್ದರೂ ಕ್ಷಣದಲ್ಲಿ ಆಗುವುದು ಈ ಕಾರಣದಿಂದಲೇ. ಸಮಯ ಹಿಡಿಯುವುದು ಕೊನೆಗೆ ಪ್ರತಿ ತೆಗೆಯುವಾಗ.

ಹಳೆಯ ಪಂಗಡವೊಂದು ಬೇರೆ ಉಂಟು. ಫೋಟೋಶಾಪಿನಲ್ಲಿ 1996ರಿಂದ 'ಆಕ್ಷನ್' ಎಂಬ ಸೌಕರ್ಯವಿದೆ. ನಾವು ಮಾಡಿದ ಕೆಲಸಗಳನ್ನು ಅದು ಕ್ರಮವಾಗಿ ನೆನಪಿಟ್ಟುಕೊಂಡು ಒಂದು ಫೋಲ್ಡರಿನ ಪಟಗಳ ಮೇಲೆಲ್ಲ ಅದನ್ನೇ ಮತ್ತೆ ನಡೆಸುತ್ತದೆ. ಮನೆಯ ಉಪಯೋಗಕ್ಕೆ ಉಚಿತವಾಗಿ ಸಿಗುವ ಇರ್ಫಾನ್‌ವ್ಯೂ ಎಂಬುದರಲ್ಲಿಯೂ ಅಳತೆ ಬದಲಿಸುವ, ಹೆಸರು ಬದಲಿಸುವ ಕೆಲಸಗಳನ್ನು ಒಟ್ಟಿಗೆ ಮಾಡಬಹುದು. ಇವುಗಳಲ್ಲಿ ಚೀಟಿಯ ವ್ಯವಹಾರವಿಲ್ಲ, ಪಟವೇ ಬದಲಾಗುತ್ತದೆ. ಹೊಸ ಪ್ರತಿಗಳು ಹೋಗಬೇಕಾದ ಫೋಲ್ಡರನ್ನು ಬೇರೆಯಾಗಿ ಹೇಳದಿದ್ದರೆ ಮೂಲದ ಮೇಲೆಯೇ ಬರೆದುಬಿಡುವ ತಂತ್ರಾಂಶಗಳೂ ಉಂಟು. ಇಮೇಜ್‌ಮ್ಯಾಜಿಕ್ಕಿನ 'ಮೊಗ್ರಿಫೈ' ಎಂಬ ಆಜ್ಞೆ ಅಂಥದು.

ಇನ್ನು ಕೆಲಸದ ರೀತಿ. ನಮ್ಮ ಗಿರಣಿಯ ಬಣ್ಣದ ಖಾತೆಯಲ್ಲಿ ಮೊದಲು ಒಂದು ತುಂಡಿಗೆ ಬಣ್ಣ ಕೊಟ್ಟು, ಶೇಡು ನೋಡಿ, ಆಮೇಲೆ ಲಾಟಿಗೆ ಕೈ ಹಚ್ಚುತ್ತಾರೆ. ಹತ್ತಿಯ ಲಾಟಿನಲ್ಲಿ ಪಾಲಿಯೆಸ್ಟರನ್ನು ಸೇರಿಸುವುದಿಲ್ಲ. ಒಂದು ಹಿಡಿದ ಬಣ್ಣವನ್ನು ಇನ್ನೊಂದು ಹಿಡಿಯದು. ಪಟಗಳಲ್ಲಿ ಈ ನೂಲಿನ ಸ್ಥಾನದಲ್ಲಿರುವುದು ಬೆಳಕು. ಬೆಳಗಿನ ಧ್ವಜಾರೋಹಣದ ಪಟಗಳು ಬಿಸಿಲಿನವು. ಸಭೆಯ ಪಟಗಳು ಟ್ಯೂಬ್‌ಲೈಟಿನವು. ನಾಟಕದವು ವೇದಿಕೆಯ ಬಣ್ಣದ ದೀಪದವು. ಊಟದ ಪಂಕ್ತಿಯಲ್ಲಿ ಯಾರೋ ಫ್ಲಾಷ್ ಹಾಕಿ ತೆಗೆದಿರುತ್ತಾರೆ. ಇವನ್ನು ಮೊದಲು ಬೇರೆ ಬೇರೆ ಗುಂಪು ಮಾಡಬೇಕು. ಈ ವಿಂಗಡಣೆಗೆ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ, ಮುಂದೆ ಅದಕ್ಕೆ ಹತ್ತರಷ್ಟು ಉಳಿತಾಯವಾಗುತ್ತದೆ.

ಪ್ರತಿ ಗುಂಪಿನಿಂದ ಸಾಧಾರಣವಾದ ಒಂದು ಪಟವನ್ನು ಆರಿಸಿ ಚೆನ್ನಾಗಿ ತಿದ್ದಿರಿ. ಲೈಟ್‌ರೂಮಿನ ಡೆವಲಪ್ ವಿಭಾಗದಲ್ಲಿ ಆ ಪಟವನ್ನು ಮೊದಲು ಆರಿಸಿ, ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಗುಂಪಿನ ಉಳಿದ ಪಟಗಳನ್ನು ಸೇರಿಸಿಕೊಳ್ಳಿ. ಆರಿಸಿದವುಗಳಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಕಾಣುವ ಚೌಕಟ್ಟೇ ಯಜಮಾನ. ಅದರ ಚೀಟಿಯೇ ಉಳಿದವಕ್ಕೆ ಹೋಗುವುದು. ತಿದ್ದದ ಪಟವೊಂದು ಯಜಮಾನನಾಗಿ ಕುಳಿತರೆ ತಿದ್ದಿದ್ದೂ ಅಳಿಸಿಹೋಗುತ್ತದೆ. ಬಳಿಕ 'ಸಿಂಕ್' ಎಂಬ ಗುಂಡಿಯನ್ನು ಒತ್ತಿದರೆ ಒಂದು ಪಟ್ಟಿ ತೆರೆಯುತ್ತದೆ. ಯಾವ ಯಾವ ತಿದ್ದುಪಡಿ ಹೋಗಬೇಕೋ ಅವಕ್ಕೆ ಮಾತ್ರ ಗುರುತು ಹಾಕಬೇಕು. ಬೆಳಕು, ಬಣ್ಣ, ಕಾಂಟ್ರಾಸ್ಟ್ ಹೋಗಲಿ. ಕತ್ತರಿಸಿದ್ದು, ಕಲೆ ತೆಗೆದದ್ದು, ಒಂದೇ ಜಾಗಕ್ಕೆ ಕುಂಚದಿಂದ ಮಾಡಿದ್ದು, ಇವು ಹೋಗಬಾರದು. ಒಂದು ಪಟದಲ್ಲಿ ಗೋಡೆಯ ಮೊಳೆಯನ್ನು ಅಳಿಸಿದ ಚೀಟಿ ಇನ್ನೊಂದು ಪಟಕ್ಕೆ ಹೋದರೆ ಅಲ್ಲಿ ಯಾರದೋ ಕಿವಿ ಮಾಯವಾದೀತು!

ಲೈಟ್‌ರೂಮಿಗೆ ತಿಂಗಳ ಬಾಡಿಗೆ ಕೊಡಬೇಕು. ಡಾರ್ಕ್‌ಟೇಬಲ್ಲಿಗೆ ಬಿಡಿಗಾಸೂ ಬೇಡ, ನಮ್ಮಂಥವರಿಗೆ ಅದೇ ಸಾಕೆಂಬುದು ನಮ್ಮ ಅಭಿಪ್ರಾಯ. ಅದರ ಲೈಟ್‌ಟೇಬಲ್ ಪುಟದಲ್ಲಿ ತಿದ್ದಿದ ಪಟವನ್ನು ಆರಿಸಿ ಕಂಟ್ರೋಲ್-ಸಿ ಒತ್ತಿ, ಉಳಿದವನ್ನು ಆರಿಸಿ ಕಂಟ್ರೋಲ್-ವಿ ಒತ್ತಿದರಾಯಿತು. ಬೇಕಾದುದನ್ನು ಮಾತ್ರ ಆರಿಸಿ ನಕಲು ಮಾಡುವ ಗುಂಡಿ ಅಲ್ಲಿಯೂ ಉಂಟು. ಐಫೋನ್ ಇರುವವರಿಗೆ 2022ರ ಐಓಎಸ್ 16ರಿಂದ ಫೋನಿನಲ್ಲಿಯೇ ತಿದ್ದುಪಡಿಯನ್ನು ನಕಲು ಮಾಡಿ ಅನೇಕ ಪಟಗಳಿಗೆ ಹಚ್ಚುವ ಅನುಕೂಲವಾಗಿದೆ.

ಇಷ್ಟು ಮಾಡಿದ ಮೇಲೂ ಕೆಲವು ಪಟ ಕಪ್ಪಗೆ, ಕೆಲವು ಬೆಳ್ಳಗೆ ಉಳಿಯುವುದುಂಟು. ಆಗ ತಂತ್ರಾಂಶವನ್ನು ಬೈಯುವವರೇ ಹೆಚ್ಚು. ಸಂಬಳದ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಎಲ್ಲರಿಗೂ 500 ರೂಪಾಯಿ ತುಟ್ಟಿಭತ್ಯೆ ಹೆಚ್ಚಿಸಿದರೆ ಎಲ್ಲರ ಸಂಬಳವೂ ಏರುತ್ತದೆ, ಆದರೆ ಅವರವರ ನಡುವಿನ ಅಂತರ ಇದ್ದ ಹಾಗೆಯೇ ಇರುತ್ತದೆ. ಎಲ್ಲರಿಗೂ 15,000 ರೂಪಾಯಿಯೇ ಸಂಬಳ ಎಂದು ಗೊತ್ತುಮಾಡಿದರೆ ಅಂತರ ಹೋಗುತ್ತದೆ. ಬೆಳಕಿನ ತಿದ್ದುಪಡಿ ಮೊದಲನೆಯ ಬಗೆಯದು. 'ಎಕ್ಸ್‌ಪೋಷರ್' ಒಂದು ಹೆಚ್ಚಿಸಿದರೆ ಬೆಳಕು ಎರಡರಷ್ಟಾಗುತ್ತದೆ. ಕಪ್ಪಗಿದ್ದದ್ದೂ ಎರಡರಷ್ಟು, ಬೆಳ್ಳಗಿದ್ದದ್ದೂ ಎರಡರಷ್ಟು. ಅವು ಸಮನಾಗುವುದೆಲ್ಲಿಂದ? ಇದಕ್ಕಾಗಿ ಲೈಟ್‌ರೂಮಿನಲ್ಲಿ 'ಮ್ಯಾಚ್ ಟೋಟಲ್ ಎಕ್ಸ್‌ಪೋಷರ್ಸ್' ಎಂಬುದೊಂದಿದೆ. ಪ್ರತಿ ಪಟ ತೆಗೆದಾಗ ಕ್ಯಾಮೆರಾ ಬರೆದಿಟ್ಟ ಷಟರಿನ ವೇಗ, ಕಿಂಡಿಯ ಅಗಲ, ಐಎಸ್‌ಓ ಇವನ್ನು ಓದಿ ಒಂದೊಂದಕ್ಕೆ ಎಷ್ಟೆಷ್ಟು ಬೇಕೋ ಅಷ್ಟನ್ನು ಕೊಟ್ಟು ಸಮ ಮಾಡುತ್ತದೆ. ಒಂದೇ ಬೆಳಕಿನಲ್ಲಿ ತೆಗೆದ ಪಟಗಳಿಗೆ ಇದು ಬಹಳ ಉಪಯುಕ್ತ.

ಬಣ್ಣದ ವಿಷಯ ಬೇರೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲ ಬಿಸಿಲು ಸುಮಾರು 5500. ತಂತಿಯ ಬಲ್ಬು 3000ದ ಒಳಗೆ. ಕ್ಯಾಮೆರಾ ತಾನೇ ಊಹಿಸಿಕೊಳ್ಳುವಂತೆ ಬಿಟ್ಟರೆ ಒಂದೇ ಸಭಾಂಗಣದ ಎರಡು ಪಟಗಳಿಗೆ ಎರಡು ಲೆಕ್ಕ ಹಾಕುವುದುಂಟು. 'ರಾ' ಪಟಗಳಾದರೆ ಎಲ್ಲಕ್ಕೂ ಒಂದೇ ಕೆಲ್ವಿನ್ ಸಂಖ್ಯೆಯನ್ನು ಕೊಟ್ಟು ಸರಿಪಡಿಸಬಹುದು. ಜೆಪೆಗ್ ಆದರೆ ಬಣ್ಣ ಆಗಲೇ ಬೆಂದುಹೋಗಿರುತ್ತದೆ, ಹೆಚ್ಚು ಕಡಿಮೆ ಮಾಡಬಹುದಷ್ಟೆ. ಜೆಪೆಗ್ಗಿನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ಟಿನ 'ರಾ' ಪಟದಲ್ಲಿ 16,384. ತಿದ್ದಲು ಎಷ್ಟು ಎಡೆ ಇದೆಯೆಂಬುದು ಇದರಿಂದ ತಿಳಿಯುತ್ತದೆ. ಬಣ್ಣ ಹಿಡಿಯುವ ಪಿಚಕಾರಿಯನ್ನು ಬಿಳಿಯ ಪಂಚೆಯ ಮೇಲೆ ಒತ್ತುವವರು ಒಂದು ನೆನಪಿಡಬೇಕು: ನೀಲಿ ಹಾಕಿ ಒಗೆದ ಪಂಚೆ ಶುದ್ಧ ಬಿಳಿಯಲ್ಲ. ಅದನ್ನೇ ಬಿಳಿಯೆಂದು ನಂಬಿಸಿದರೆ ಸಭೆಯಲ್ಲಿದ್ದವರ ಮುಖವೆಲ್ಲ ಹಳದಿಯಾಗುತ್ತದೆ. ಬೂದುಬಣ್ಣದ ಕಾರ್ಡೊಂದನ್ನು ಸಭೆಗೆ ಮುಂಚೆ ಹಿಡಿದು ಒಂದು ಪಟ ತೆಗೆದಿಟ್ಟುಕೊಂಡರೆ ಉತ್ತಮ.

ಮುಖದ ಬಣ್ಣದ ಮಾತು ಬಂದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಒಂದೇ ಅಳತೆಯನ್ನು ಎಲ್ಲರಿಗೂ ಹಚ್ಚುವ ಪದ್ಧತಿ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. 1950ರ ದಶಕದಿಂದ ಕೋಡಕ್ ಕಂಪನಿಯವರು ಪಟ ಮುದ್ರಿಸುವ ಅಂಗಡಿಗಳಿಗೆ 'ಶರ್ಲಿ ಕಾರ್ಡ್' ಎಂಬ ಮಾದರಿ ಪಟವನ್ನು ಕಳುಹಿಸುತ್ತಿದ್ದರು. ಅದರಲ್ಲಿದ್ದವಳು ಬಿಳಿಯ ಮೈಬಣ್ಣದ ಹೆಂಗಸು. ಅವಳ ಮುಖ ಸರಿಯಾಗಿ ಬರುವಂತೆ ಯಂತ್ರವನ್ನು ಹೊಂದಿಸಿ, ಎಲ್ಲರ ಪಟಗಳನ್ನೂ ಅದರಂತೆಯೇ ಅಚ್ಚುಹಾಕುತ್ತಿದ್ದರು. ಕಪ್ಪು ಮೈಬಣ್ಣದವರ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಸ್ಪಷ್ಟವಾಗುತ್ತಿರಲಿಲ್ಲ. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಈಗ ಆ ಅಪಾಯ ತಿರುಗುಮುರುಗಾಗಿದೆ. ಫೋನಿನ ಅಂದಗೊಳಿಸುವ ಗುಂಡಿಯನ್ನು ಇಡೀ ಗುಂಪಿಗೆ ಒತ್ತಿಬಿಟ್ಟರೆ ಬಿಸಿಲಲ್ಲಿ ದುಡಿದು ಕಪ್ಪಾದವರೆಲ್ಲ ಸುಣ್ಣ ಬಳಿದ ಗೋಡೆಯಂತಾಗುತ್ತಾರೆ. ಪಟ ಊರಿಗೆ ಹೋದಾಗ ತಾಯಿಗೆ ಮಗನ ಗುರುತು ಹತ್ತಬೇಕಲ್ಲವೆ? ಮಾದರಿ ಪಟವನ್ನು ಆರಿಸುವಾಗ ಕಪ್ಪಗಿರುವವರೂ ಬೆಳ್ಳಗಿರುವವರೂ ಇಬ್ಬರೂ ಇರುವ ಪಟವನ್ನೇ ಆರಿಸಬೇಕು. ಇಬ್ಬರ ಮುಖವೂ ಸರಿಬಂದರೆ ಮಾತ್ರ ಚೀಟಿಯನ್ನು ಮುಂದಕ್ಕೆ ಕಳುಹಿಸಬೇಕು.

ಕತ್ತರಿಸುವುದನ್ನು ಗುಂಪಾಗಿ ಮಾಡದಿರುವುದೇ ಲೇಸು. ಫೋನಿನ ಪಟ ಸಾಮಾನ್ಯವಾಗಿ 4000ಕ್ಕೆ 3000 ಪಿಕ್ಸೆಲ್. ಅಂಗಡಿಯಲ್ಲಿ ಅಚ್ಚು ಹಾಕಿಸುವುದು ಆರಿಂಚು ನಾಲ್ಕಿಂಚಿನ ಕಾಗದಕ್ಕೆ. ಲೆಕ್ಕ ಹಾಕಿದರೆ ಎತ್ತರದಲ್ಲಿ 333 ಪಿಕ್ಸೆಲ್ ಹೋಗಲೇಬೇಕು. ಯಂತ್ರಕ್ಕೆ ಬಿಟ್ಟರೆ ಅದು ಮೇಲೆ ಅರ್ಧ, ಕೆಳಗೆ ಅರ್ಧ ಕತ್ತರಿಸುತ್ತದೆ. ಹಿಂದಿನ ಸಾಲಿನಲ್ಲಿ ನಿಂತ ಎತ್ತರದವರ ಪೇಟ ಹೋಗುವುದು ಹೀಗೆ.

ಅಳತೆ ಕಿರಿದು ಮಾಡುವುದರಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವಾಟ್ಸಪ್ಪಿನಲ್ಲಿ ಕಳುಹಿಸಲು 1000 ಪಿಕ್ಸೆಲ್ ಅಗಲದ ಪ್ರತಿ ಸಾಕು, ಅದನ್ನು ಒಟ್ಟಿಗೆ ಮಾಡಿಕೊಳ್ಳಬಹುದು. ಆದರೆ ದೊಡ್ಡ ಮೂಲಗಳನ್ನು, ಜಾಗ ಸಾಲದೆಂದು, ಅಳಿಸಬಾರದು. ಸದಸ್ಯರೊಬ್ಬರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಪಟವಿದೆಯೇ ಎಂದು ಮನೆಯವರು ಬರುವುದು ಸಂಘಕ್ಕೇ. ಒಂಟಿಯಾಗಿ ಬಂದು ಖೋಲಿಯಲ್ಲಿದ್ದು ದುಡಿದವರದು ಎಷ್ಟೋ ಬಾರಿ ಸಂಘದ ಗುಂಪಿನ ಪಟದಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಇರುವುದಿಲ್ಲ. 4000 ಅಗಲದ ಪಟದಲ್ಲಿ ಸಾಲಿಗೆ ಇಪ್ಪತ್ತು ಜನರಿದ್ದರೆ ಒಬ್ಬರ ಪಾಲಿಗೆ 200 ಪಿಕ್ಸೆಲ್ ಬರುತ್ತದೆ. ಕಷ್ಟಪಟ್ಟು ಮುಖವನ್ನು ಎತ್ತಬಹುದು. 1000ಕ್ಕೆ ಇಳಿಸಿದ್ದರೆ ಉಳಿಯುವುದು 50. ಅದರಿಂದ ಮುಖವನ್ನು ಯಾರಿಂದಲೂ ತರಲಾಗುವುದಿಲ್ಲ.

ಎರಡು ಕ್ಯಾಮೆರಾಗಳಿಂದ ತೆಗೆದಿದ್ದು ಒಂದರ ಗಡಿಯಾರ ಹಿಂದಿದ್ದರೆ ಉದ್ಘಾಟನೆಗೆ ಮೊದಲೇ ವಂದನಾರ್ಪಣೆ ಬಂದುಬಿಡುತ್ತದೆ. ಆ ಕ್ಯಾಮೆರಾದ ಎಲ್ಲ ಪಟಗಳ ವೇಳೆಯನ್ನೂ ಒಟ್ಟಿಗೆ ಮುಂದಕ್ಕೆ ತಳ್ಳುವ ಏರ್ಪಾಡು ಮೇಲೆ ಹೇಳಿದ ಎರಡು ತಂತ್ರಾಂಶಗಳಲ್ಲಿಯೂ ಇದೆ. ಸಮಾರಂಭದ ಹೆಸರು, ಸ್ಥಳ, ತಾರೀಖುಗಳನ್ನೂ ಎಲ್ಲ ಪಟಗಳೊಳಗೆ ಒಮ್ಮೆಗೇ ಬರೆಯಬಹುದು. ನಿಂತವರ ಹೆಸರುಗಳನ್ನು ಮಾತ್ರ ಎಡದಿಂದ ಬಲಕ್ಕೆ ಕೈಯಿಂದಲೇ ತುಂಬಬೇಕು. ಗೊತ್ತಿರುವವರು ಇರುವಾಗಲೇ ತುಂಬಿಸಿಕೊಳ್ಳಬೇಕು.

ಡಾರ್ಕ್‌ಟೇಬಲ್ ಹಾಕಿಸಿಕೊಳ್ಳಬೇಕೆನ್ನುವವರು ಭಾನುವಾರ ವಾಚನಾಲಯ ತೆರೆದಿರುವಾಗ ಬಂದರೆ ತೋರಿಸಿಕೊಡುತ್ತೇವೆ. ಬರುವಾಗ ಪಟಗಳ ಒಂದು ಪ್ರತಿಯನ್ನು ತರಬೇಕು, ಮೂಲವನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು.