ರಾತ್ರಿ ಪಾಳಿಯವರ ಮಾರ್ನಿಂಗ್ ಷೋ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ತಿಂಡಿ ತಿಂದ ಕೂಡಲೇ ನಿದ್ದೆ ಹತ್ತುವುದಿಲ್ಲ. ಮೆಷಿನ್ನಿನ ಸದ್ದು ಕಿವಿಯಿಂದ ಇಳಿಯುವ ತನಕ ಟಿವಿ ಬೇಕು. ಆ ಹೊತ್ತಿಗೆ ನ್ಯೂಸ್ ಚಾನೆಲ್‌ಗಳಲ್ಲಿ ಜ್ಯೋತಿಷ್ಯ, ಬೇರೆ ಕಡೆ ನಿನ್ನೆಯ ಧಾರಾವಾಹಿಯೇ ಮತ್ತೆ. ಉಳಿಯುವುದು ಸಿನಿಮಾ ಚಾನೆಲ್. ಅಲ್ಲಿ ರಾಜ್‌ಕುಮಾರ್, ಕಲ್ಪನಾ, ನರಸಿಂಹರಾಜು, ಬಾಲಕೃಷ್ಣ ಆಗಲೇ ಕೆಲಸಕ್ಕೆ ಹಾಜರಾಗಿರುತ್ತಾರೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಮಗ-ಸೊಸೆ ಆಫೀಸಿಗೆ ಹೊರಟ ಮೇಲೆ ಮೊಮ್ಮಗುವನ್ನು ಆಡಿಸುತ್ತಾ ಕೂರುವ ಅಜ್ಜ-ಅಜ್ಜಿಯರೂ ಇದೇ ಷೋದ ಪ್ರೇಕ್ಷಕರು.

ಹಿಂದಿಯ ಹಳೆಯ ಚಿತ್ರಗಳಿಗೆಂದೇ ಜೀ ಕ್ಲಾಸಿಕ್ ಇದೆ, ತಮಿಳಿನವಕ್ಕೆ ಸನ್ ಲೈಫ್. ಕನ್ನಡಕ್ಕೆ ಅಂಥ ಭಾಗ್ಯವಿಲ್ಲ. ನಮ್ಮಲ್ಲಿರುವುದು ಹಳತು ಹೊಸತು ಎಲ್ಲವನ್ನೂ ತೋರಿಸುವ ವಾಹಿನಿಗಳು. ಒಂದು ಕಾಲದ ಉಷೆ ಟಿವಿಯೇ ಮುಂದೆ ಉದಯ ಮೂವೀಸ್ ಆಯಿತು. 2018ರಲ್ಲಿ ಕಲರ್ಸ್ ಕನ್ನಡ ಸಿನಿಮಾ, 2020ರಲ್ಲಿ ಜೀ ಪಿಚ್ಚರ್ ಬಂದವು. ರಾತ್ರಿಯ ಬೆಲೆಬಾಳುವ ಹೊತ್ತು ಹೊಸ ಚಿತ್ರಗಳಿಗೆ, ಡಬ್ಬಿಂಗ್‌ಗೆ ದಾರಿ ತೆರೆದ ಮೇಲೆ ತೆಲುಗು-ತಮಿಳಿನಿಂದ ಬಂದವಕ್ಕೆ. ಜಾಹೀರಾತುದಾರರು ಅಷ್ಟಾಗಿ ಕೇಳದ ಬೆಳಗು, ಮಧ್ಯಾಹ್ನಗಳು ಕಪ್ಪು-ಬಿಳುಪಿನ ಪಾಲಿಗೆ. ಈ ಮಲತಾಯಿ ಧೋರಣೆಯೇ ರಾತ್ರಿ ಪಾಳಿಯವರಿಗೆ ವರವಾಗಿದೆ.

ಖಾಸಗಿ ವಾಹಿನಿಗಳು ಬರುವ ಮುಂಚೆ ಇದ್ದದ್ದು ದೂರದರ್ಶನ ಒಂದೇ. ಬೆಂಗಳೂರು ಕೇಂದ್ರ 1981ರಲ್ಲಿ ಶುರುವಾಯಿತು. ವಾರಕ್ಕೊಂದು ಕನ್ನಡ ಚಿತ್ರಕ್ಕಾಗಿ ಅಕ್ಕಪಕ್ಕದ ಮನೆಯವರೆಲ್ಲ ಒಂದೇ ಟಿವಿಯ ಮುಂದೆ ಚಾಪೆ ಹಾಸುತ್ತಿದ್ದ ಕಾಲ ಅದು. ಈಗಲೂ ತಿಂಗಳ ಬಾಡಿಗೆ ಇಲ್ಲದ ಫ್ರೀ ಡಿಶ್ ಹಾಕಿಸಿಕೊಂಡ ಕೋಣೆಗಳಲ್ಲಿ ದೂರದರ್ಶನದ ಕನ್ನಡ ವಾಹಿನಿ ಚಂದನವೇ ಆಸರೆ.

ರೀಲಿನಿಂದ ಟಿವಿಗೆ ಬರುವ ದಾರಿ ಸುಲಭದ್ದಲ್ಲ. 35 ಎಂ.ಎಂ. ಪ್ರಿಂಟನ್ನು ಟೆಲಿಸಿನಿ ಯಂತ್ರಕ್ಕೆ ಕೊಟ್ಟು ಟೇಪಿಗೆ ಇಳಿಸಬೇಕಿತ್ತು. ಆ ಟೇಪುಗಳೇ ಈಗ ಕಂಪ್ಯೂಟರ್ ಫೈಲುಗಳಾಗಿವೆ. ಪ್ರಿಂಟಿನ ಗೀರು, ಹಾರಿಹೋದ ಮಾತು ಎಲ್ಲವೂ ಹಾಗೇ ಜೊತೆಗೆ ಬಂದಿವೆ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದೆಂದು ನಿಯಮವಿದೆ; ಅಷ್ಟೂ ತುಂಬಿದರೆ ಎರಡೂವರೆ ಗಂಟೆಯ ಚಿತ್ರ ಮೂರು ಗಂಟೆ ಮೀರುತ್ತದೆ. ಅದನ್ನಾದರೂ ಸಹಿಸಬಹುದು. ಚೌಕ ಚಿತ್ರವನ್ನು ಅಗಲ ಪರದೆಗೆ ಜಗ್ಗಿ, ಲೀಲಾವತಿಯವರ ಮುಖವನ್ನು ಚಪ್ಪಟೆ ಮಾಡುವುದನ್ನು ಮಾತ್ರ ಕ್ಷಮಿಸಲಾಗದು.

ದೊರೆ-ಭಗವಾನ್ ಅವರ 'ಕಸ್ತೂರಿ ನಿವಾಸ'ವನ್ನು (1971) ಪೀಣ್ಯದಲ್ಲಿ ಕೂತು ನೋಡುವುದೇ ಬೇರೆ. ನಾಯಕ ಬೆಂಕಿಪೊಟ್ಟಣದ ಕಾರ್ಖಾನೆಯ ಮಾಲೀಕ. ಅವನ ಕೈಕೆಳಗೆ ದುಡಿದವನೇ ಅವನನ್ನು ಮೀರಿ ಬೆಳೆಯುತ್ತಾನೆ. ಇವನ ಕೊಡುಗೈ ಬರಿದಾಗುತ್ತದೆ. ಪ್ರೇಕ್ಷಕರು ದಾನಶೂರನ ಕಥೆ ಎಂದು ಕಣ್ಣೊರೆಸಿಕೊಳ್ಳುತ್ತಾರೆ, ಸರಿಯೇ. ಆದರೆ ಆರ್ಡರು ಕೈತಪ್ಪಿ ಶೆಡ್ಡಿನ ಬಾಡಿಗೆಗೂ ಪರದಾಡುವ ಸಣ್ಣ ಮಾಲೀಕನಿಗೆ, ಕಲಿತ ಕೆಲಸದಿಂದಲೇ ಸ್ವಂತ ಲೇತ್ ಹಾಕಿದ ಹಳೆಯ ಹೆಲ್ಪರನಿಗೆ ಇದು ಪಕ್ಕದ ರಸ್ತೆಯ ಸುದ್ದಿ. 2014ರಲ್ಲಿ ಇದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ನನ್ನ ಮತ ಕಪ್ಪು-ಬಿಳುಪಿಗೇ.

ಹಳೆಯ ಚಿತ್ರವನ್ನು ತೋರಿಸಿದರಷ್ಟೇ ಸಾಲದು, ಪರಿಚಯಿಸಲೂ ಬೇಕು. ಅಮೆರಿಕದಲ್ಲಿ 1994ರ ಏಪ್ರಿಲ್ 14ರಂದು ಶುರುವಾದ ಟರ್ನರ್ ಕ್ಲಾಸಿಕ್ ಮೂವೀಸ್ ವಾಹಿನಿಯಲ್ಲಿ ರಾಬರ್ಟ್ ಆಸ್ಬರ್ನ್ ಎಂಬವರು ಚಿತ್ರಕ್ಕೆ ಮುಂಚೆ ಬಂದು, ಅದನ್ನು ಯಾರು ಮಾಡಿದರು, ಮಾಡುವಾಗ ಏನಾಯಿತು ಎಂದು ನಾಲ್ಕು ಮಾತಾಡುತ್ತಿದ್ದರು. ನಮ್ಮಲ್ಲಿ ಕೊರತೆ ಅದರದ್ದೇ. ಸಂಕಲನಕಾರ, ಛಾಯಾಗ್ರಾಹಕರ ಹೆಸರು ಬರುವಾಗಲೇ ಪರದೆಯ ಕೆಳಗೆ ಸಂಜೆಯ ಚಿತ್ರದ ಪ್ರಚಾರ ಓಡುತ್ತಿರುತ್ತದೆ. ಹೇಳುವವರಿಗೆ ಬರವೇನೂ ಇಲ್ಲ. ಐದು ನಿಮಿಷ ಕೊಡುವ ಮನಸ್ಸು ಬೇಕು, ಅಷ್ಟೆ.

ಎಲ್ಲವೂ ಯೂಟ್ಯೂಬಿನಲ್ಲಿದೆಯಲ್ಲ ಎನ್ನಬಹುದು. ಅಲ್ಲಿ ಹುಡುಕಲು ಹೆಸರು ಗೊತ್ತಿರಬೇಕು. ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ'ಯನ್ನು (1964) ಹುಡುಕಿಕೊಂಡು ಹೋಗುವವರು ಎಷ್ಟು ಮಂದಿ? ಕಿವಿ ಕೇಳದ, ಮಾತು ಬಾರದ ಹೆಣ್ಣನ್ನು ಮದುವೆಯಾಗುವ ಮೇಷ್ಟ್ರ ಕಥೆ. ಆ ಹೆಣ್ಣಾಗಿ ಹರಿಣಿ. ಎಂದಾದರೂ ಬೆಳಗ್ಗೆ ಅದು ಬಂದರೆ ರಿಮೋಟನ್ನು ಮಕ್ಕಳ ಕೈಗೆ ಕೊಡಬೇಡಿ.