ಬೀಜದಿಂದ ಬೆಳೆದ ಕಾಡುಗುಲಾಬಿಯ ಗುರುತು

ಹಿತ್ತಲಿನಲ್ಲಿ ಗುಲಾಬಿಯಿಲ್ಲದ ಮನೆ ನಮ್ಮಲ್ಲಿ ವಿರಳ. ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಬೆಳೆಸಿದ ಗುಲಾಬಿ ಮೂಲ ಗಿಡದ ಪಡಿಯಚ್ಚು. ಬೀಜದ ಸಸಿ ಹಾಗಲ್ಲ. ಜೇನು, ದುಂಬಿಗಳು ಯಾವ ಹೂವಿನ ಪರಾಗವನ್ನು ತಂದವೆಂದು ಬಲ್ಲವರಾರು? ತಾಯಿ ಗೊತ್ತು, ತಂದೆ ಗೊತ್ತಿಲ್ಲ. ಆದುದರಿಂದ ಕಾಡುಗುಲಾಬಿಯ ಬೀಜವನ್ನು ಆರಿಸುವಾಗ, ಸಮೀಪದಲ್ಲಿ ಬೇರೆ ಗುಲಾಬಿಗಳಿದ್ದವೇ ಎಂಬುದನ್ನು ಮೊದಲು ವಿಚಾರಿಸಬೇಕು.

ನೀಲಗಿರಿ, ಪಳನಿ ಬೆಟ್ಟಗಳ ಕಾಡುಗಳಲ್ಲಿ ಬಿಳಿಯ ಐದೆಸಳಿನ ರೋಸಾ ಲೆಶೆನಾಲ್ಟಿಯಾನಾ ಬಳ್ಳಿಯಾಗಿ ಹಬ್ಬುತ್ತದೆ. ಬಂಗಾಳದ ತಗ್ಗುನೆಲಗಳ ರೋಸಾ ಕ್ಲೈನೋಫಿಲ್ಲಾ ಸೆಕೆಯನ್ನೂ ನೆರೆಯನ್ನೂ ತಾಳಬಲ್ಲದು. ಇದನ್ನೂ ಮಣಿಪುರದ ರೋಸಾ ಜೈಗಾಂಟಿಯಾವನ್ನೂ ಬಳಸಿ ಕೊಡೈಕೆನಾಲಿನ ಎಂ. ಎಸ್. ವೀರರಾಘವನ್ ಮತ್ತು ಗಿರಿಜಾ ವೀರರಾಘವನ್ ದಂಪತಿಗಳು ಬಿಸಿನಾಡಿಗೆ ಒಗ್ಗುವ ಹೊಸ ತಳಿಗಳನ್ನು ರೂಪಿಸಿದ್ದಾರೆ. ಬೆರಕೆ ಸಸಿಗಳು ಕಾಡಿನ ಹೆಸರಿನಲ್ಲಿ ಹರಡಿದರೆ ಇಂತಹ ಕಾರ್ಯಕ್ಕೆ ಬೇಕಾದ ಮೂಲ ತಳಿಯೇ ಕೈತಪ್ಪೀತು.

ಅನೇಕ ಗುಲಾಬಿ ಬೀಜಗಳು ಚಳಿ ಕಂಡ ಮೇಲೆಯೇ ಮೊಳೆಯುತ್ತವೆ. ಹಲಗೂರಿನಂತಹ ಬಿಸಿಲುಸೀಮೆಯಲ್ಲಿ ಆ ಚಳಿಯನ್ನು ನಾವೇ ಒದಗಿಸಬೇಕು. ಪೂರ್ತಿ ಮಾಗಿದ ಕಾಯಿಯನ್ನು ಬಿಡಿಸಿ, ತಿರುಳನ್ನು ತೊಳೆದು, ಬೀಜವನ್ನು ತೇವದ ಮರಳಿನಲ್ಲಿ ಬೆರೆಸಿ, ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 6ರಿಂದ 12 ವಾರ ಇಡಬೇಕು. ಮಂಜುಗಟ್ಟುವ ಖಾನೆ ಸಲ್ಲದು. ಅನಂತರ ಅರ್ಧ ಅಂಗುಲ ಆಳಕ್ಕೆ ಬಿತ್ತಿ ನೆರಳಿನಲ್ಲಿಡಬೇಕು. ಎಲ್ಲವೂ ಒಂದೇ ಸಲ ಮೊಳೆಯುವುದಿಲ್ಲ, ತಾಳ್ಮೆ ಅವಶ್ಯ.

ಗುರುತು ಹಿಡಿಯಲು ಎಳೆಯ ಎಲೆಯೊಂದೇ ಸಾಲದು. ಎಲೆತೊಟ್ಟಿನ ಬುಡಕ್ಕೆ ಅಂಟಿದ ಕಿರುರೆಕ್ಕೆಗಳನ್ನು ನೋಡಬೇಕು: ರೋಸಾ ಮಲ್ಟಿಫ್ಲೋರಾದಲ್ಲಿ ಅವುಗಳ ಅಂಚು ಬಾಚಣಿಗೆಯಂತೆ ಸೀಳಿರುತ್ತದೆ. ಹೂ ಬಿಟ್ಟಾಗ ನಡುವಿನ ಶಲಾಕೆಗಳನ್ನು ಪರೀಕ್ಷಿಸಬೇಕು: ಲೆಶೆನಾಲ್ಟಿಯಾನಾದಲ್ಲಿ ಅವು ಕೂಡಿ ಕಂಬದಂತೆ ನಿಲ್ಲುತ್ತವೆ, ಜೈಗಾಂಟಿಯಾದಲ್ಲಿ ಬಿಡಿಬಿಡಿಯಾಗಿರುತ್ತವೆ. ಮೊಳೆತ ಕೆಲವೇ ವಾರಗಳಲ್ಲಿ ಮೊಗ್ಗು ಬಂದರೆ ಅದು ತೋಟದ ಗುಲಾಬಿಯ ಸಂತಾನವೆಂದು ಊಹಿಸಬಹುದು. ಕಾಡುಗುಲಾಬಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕು. ಆದರೆ ತಡವಾಗಿ ಹೂ ಬಿಟ್ಟ ಮಾತ್ರಕ್ಕೆ ಶುದ್ಧವೆನ್ನಲಾಗದು. ಕಾಡು ಮತ್ತು ತೋಟದ ಗುಲಾಬಿಗಳ ಮೊದಲ ಪೀಳಿಗೆಯ ಬೆರಕೆಯೂ ಹೆಚ್ಚಾಗಿ ಹೀಗೆಯೇ ತಡಮಾಡುತ್ತದೆ.

ಆದ್ದರಿಂದ ಪ್ರತಿ ಕುಂಡಕ್ಕೂ ತಾಯಿಗಿಡದ ಹೆಸರು, ಬೀಜ ಬಂದ ಸ್ಥಳ, ಬಿತ್ತಿದ ದಿನಗಳನ್ನು ಬರೆದ ಚೀಟಿ ಕಟ್ಟೋಣ. ನೆರೆಯವರಿಗೆ ಸಸಿ ಕೊಡುವಾಗ ‘ಇಂತಹ ಗಿಡದ ಬೀಜದಿಂದ ಬಂದದ್ದು’ ಎಂದಷ್ಟೇ ಹೇಳೋಣ. ತಾಯಿಯ ಹೆಸರನ್ನೇ ಸಸಿಗೂ ಇಡುವ ಅವಸರ ಬೇಡ.