ಅಮ್ಮ ನೆಟ್ಟ ನೀಲಿ

ಮೊನ್ನೆ ಬೆಳಿಗ್ಗೆ ಆಫೀಸಿಗೆ ಹೊರಟವನು ಗರಾಜಿನ ಮುಂದೆ ನಿಂತೇಬಿಟ್ಟೆ. ಡ್ರೈವ್‌ವೇ ಪಕ್ಕದ ಕೊಳಕು ಹಿಮದ ಗುಡ್ಡೆ ಇನ್ನೂ ಪೂರ್ತಿ ಕರಗಿರಲಿಲ್ಲ. ಅದರಿಂದ ಎರಡಡಿ ಆಚೆ, ಹೋದ ವರ್ಷದ ಒಣ ಎಲೆಗಳ ಮಧ್ಯೆ, ನೀಲಿ! ಗೇಣುದ್ದವೂ ಇಲ್ಲದ ಗಿಡ, ಆರೆಸಳಿನ ಹೂವು, ನಡುವೆ ಬಿಳಿ. ಮಿನಿಯಾಪೊಲಿಸ್‌ನಲ್ಲಿ ಏಪ್ರಿಲ್ ಅಂದ್ರೆ ಮರಗಳೆಲ್ಲ ಇನ್ನೂ ಬೋಳು ಬೋಳು. ಕೂಡಲೇ ಫೋಟೋ ಹೊಡೆದು ಅಮ್ಮನಿಗೆ ಕಳಿಸಿದೆ. ಯಾಕಂದ್ರೆ ಇದನ್ನ ನೆಟ್ಟಿದ್ದು ಅವಳೇ.

ಹೂವಿನ ಹೆಸರು ಕಯೊನೊಡಾಕ್ಸಾ. ಗ್ರೀಕ್‌ನಲ್ಲಿ ಹಿಮದ ವೈಭವ ಅಂತ ಅರ್ಥವಂತೆ. ಪಶ್ಚಿಮ ಟರ್ಕಿಯ ಬೆಟ್ಟಗಳಲ್ಲಿ ಹಿಮ ಕರಗುವ ಅಂಚಿನಲ್ಲೇ ಅರಳುತ್ತೆ. ಸ್ವಿಸ್ ಸಸ್ಯಶಾಸ್ತ್ರಜ್ಞ ಬ್ವಾಸಿಯೆ 1842ರಲ್ಲಿ ಬೋಜ್ ದಾ ಅನ್ನೋ, ಎರಡು ಸಾವಿರ ಮೀಟರ್ ದಾಟಿದ ಬೆಟ್ಟದಲ್ಲಿ ಇದನ್ನ ಕಂಡು, ಹೆಂಡತಿ ಲೂಸಿಲ್ ಹೆಸರು ಸೇರಿಸಿ 'ಲೂಸಿಲಿಯೇ' ಅಂತ ಕರೆದ. ಆಕೆ 1849ರಲ್ಲೇ ತೀರಿಕೊಂಡಳು. ತೋಟಗಳಿಗೆ ಬಂದದ್ದು 1877ರ ಮೇಲೆ, ಜಾರ್ಜ್ ಮಾ ಅನ್ನೋ ಇಂಗ್ಲೆಂಡಿನ ಟೈಲ್ಸ್ ತಯಾರಕನಿಂದ. ತಮಾಷೆ ಏನಂದ್ರೆ, ಅಂಗಡಿಗಳಲ್ಲಿ ಲೂಸಿಲಿಯೇ ಅಂತ ಮಾರಿದ್ದರಲ್ಲಿ ಬಹಳಷ್ಟು ಅದರ ನೆಂಟ ಫೋರ್ಬೆಸಿಯೈ. ಸಾಲದ್ದಕ್ಕೆ, ಈಗ ಇಡೀ ಕುಲವನ್ನೇ ಸಿಲ್ಲಾಕ್ಕೆ ಸೇರಿಸಬೇಕು ಅನ್ನುವವರೂ ಇದ್ದಾರೆ. ಪಾಪ ಲೂಸಿಲ್!

ಹೋದ ಅಕ್ಟೋಬರ್‌ನಲ್ಲಿ ಇಪ್ಪತ್ತೈದು ಗಡ್ಡೆಗಳ ಚೀಲ ತಂದಿದ್ದೆ. ಅಮ್ಮ ಬಂದು ಮೂರು ವಾರ ಆಗಿತ್ತು, ಮನೆಯೊಳಗೆ ಕೂತು ಕೂತು ಬೇಜಾರು. ಚೀಲ ಬಿಚ್ಚಿ ನೋಡಿ, "ಇದೆಂತ ಮಾರಾಯ, ಸಾಂಬಾರು ಈರುಳ್ಳಿಗೆ ದುಡ್ಡು ಕೊಟ್ಟು ಬಂದ್ಯಾ?" ಅಂದಳು. ತೀರ್ಥಹಳ್ಳಿಯ ಹಿತ್ತಿಲಲ್ಲಿ ಶುಂಠಿ, ಸುವರ್ಣಗಡ್ಡೆ ನೆಟ್ಟ ಕೈ, ಸುಮ್ಮನಿರುತ್ತಾ? ಗಡ್ಡೆಯ ಎತ್ತರದ ಮೂರರಷ್ಟು ಆಳ, ಮೂತಿ ಮೇಲೆ ಅಂತ ಅಷ್ಟೇ ನಾನು ಹೇಳಿದ್ದು. ನನ್ನ ಜಾಕೆಟ್ ಹಾಕ್ಕೊಂಡು ಮಧ್ಯಾಹ್ನ ಪೂರ್ತಿ ಅಲ್ಲೇ ಕೂತಿದ್ದಳು. ನವೆಂಬರ್‌ನಲ್ಲಿ ಮುಚ್ಚಿದ ಹಿಮದ ಕೆಳಗೆ ಏನಾಗ್ತಿರುತ್ತೆ ಅಂತ ಆಗಾಗ ಕೇಳೋಳು. ಬೇರು ಬಿಡ್ತಿರುತ್ತೆ ಅಮ್ಮ, ಮೊಗ್ಗು ಆಗಲೇ ಗಡ್ಡೆಯೊಳಗಿದೆ, ಹನ್ನೆರಡು ವಾರವಾದ್ರೂ ಚಳಿ ತಿಂದ ಮೇಲೇ ಸರಿಯಾಗಿ ಮೇಲೇಳೋದು ಅಂತ ಹೇಳ್ತಿದ್ದೆ. ಅವಳ ಟಿಕೆಟ್ ಮಾರ್ಚ್ ಎಂಟಕ್ಕಿತ್ತು. ಮುಂದೂಡೋಣ ಅಂದ್ರೆ ಆರು ತಿಂಗಳ ವೀಸಾ ಲೆಕ್ಕ.

ಹೊರಡೋ ಹಿಂದಿನ ರಾತ್ರಿ ಸೂಟ್‌ಕೇಸ್ ತೂಕ ಮಾಡುವಾಗ ಸೀರೆ ಮಡಿಕೆಯಲ್ಲಿ ಒಂದು ಕರ್ಚೀಫಿನ ಗಂಟು ಸಿಕ್ಕಿತು. ಒಳಗೆ ಐದು ಗಡ್ಡೆ. ನೆಡುವಾಗಲೇ ಎತ್ತಿಟ್ಟಿದ್ದಳು! ನಾನು ಶುರು ಹಚ್ಚಿಕೊಂಡೆ: ಪರವಾನಗಿ ಇಲ್ಲದೆ ಗಿಡ-ಗಡ್ಡೆ ದೇಶ ದಾಟಿಸಬಾರದು, ಏರ್‌ಪೋರ್ಟಲ್ಲಿ ತೊಂದರೆ ಆಗುತ್ತೆ, ಅದೂ ಅಲ್ದೆ ನಮ್ಮೂರಲ್ಲಿ ಆ ಚಳಿ ಎಲ್ಲಿಂದ ಬರಬೇಕು, ಮಳೆಗಾಲದಲ್ಲಿ ಕೊಳೆತು ಹೋಗುತ್ತೆ, ಹೂವಂತೂ ಬಿಡಲ್ಲ. ಹೇಳಿದ್ದೆಲ್ಲ ಸರೀನೇ. ಆದ್ರೆ ಹೇಳಿದ ರೀತಿ, ಆಫೀಸಲ್ಲಿ ಜೂನಿಯರ್‌ಗೆ ಹೇಳೋ ಹಾಗಿತ್ತು. ಅಮ್ಮ ಎಲ್ಲ ಕೇಳಿಸಿಕೊಂಡು, "ಹೂ ಬಿಡ್ಬೇಕು ಅಂತ ನಾನೆಲ್ಲಿ ಹೇಳಿದ್ನೋ? ನಿನ್ನ ಮನೇದು ಏನಾದ್ರೂ ಒಂದು ಹಿತ್ತಿಲಲ್ಲಿ ಇರ್ಲಿ ಅಂತ" ಅಂದು ಸೂಟ್‌ಕೇಸ್ ಜಿಪ್ ಎಳೆದಳು. ದಾರಿಯುದ್ದಕ್ಕೂ ಬೇರೆ ಮಾತೆಲ್ಲ ಆಯ್ತು, ಇದೊಂದು ಬಿಟ್ಟು.

ಫೋಟೋ ಕಳಿಸಿ ಹತ್ತು ನಿಮಿಷಕ್ಕೆ ಅವಳದೇ ವಿಡಿಯೋ ಕಾಲ್. ಫೋನ್ ನೆಲಕ್ಕೆ ಹಿಡಿದು ತೋರಿಸಿದೆ. "ಅಯ್ಯ, ಇಷ್ಟೇ ಇಷ್ಟು ಹೂವಾ?" ಅಂದವಳು ಆಮೇಲೆ ಸುಮಾರು ಹೊತ್ತು ಮಾತಾಡದೆ ನೋಡಿದಳು. "ಇಪ್ಪತ್ತೂ ಬಂದಿದ್ಯಾ ಎಣಿಸು."

ಎಣಿಸಿದೆ. ಹದಿನೇಳು. ಮೂರು ಅಳಿಲಿನ ಪಾಲಾಗಿರಬೇಕು.

"ಇಪ್ಪತ್ತೂ ಇದೆ ಅಮ್ಮ" ಅಂದೆ.

"ಹಾಗಾದ್ರೆ ಆ ಐದನ್ನೂ ಅಲ್ಲೇ ನೆಡು."

ಆ ಗಂಟು ಇನ್ನೂ ಗರಾಜಿನ ಶೆಲ್ಫ್ ಮೇಲಿದೆ. ಗಡ್ಡೆ ಸ್ವಲ್ಪ ಸುಕ್ಕಾಗಿದೆ, ಒತ್ತಿ ನೋಡಿದರೆ ಗಟ್ಟಿ ಇದೆ. ಈ ಶನಿವಾರ ನೆಡಬೇಕು.